ಶಿಕ್ಷೆಯ ವಾದಕ್ಕೆ ತಯಾರಿ ಮೊದಲ ದಿನವೇ ಬೇಕು

ನಾನು ತಾಲ್ಲೂಕು ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲ. ಸಾಕ್ಷಿ, ಪಾಟೀಸವಾಲು ಅಂತ ವರ್ಷಗಟ್ಟಲೆ ಹೋರಾಡುವ ನಾವು, ಆರೋಪ ಸಾಬೀತಾಗಿದೆ ಎಂದು ಜಡ್ಜ್ ಹೇಳಿದ ಮೇಲೆ ಸುಮ್ಮನಾಗಿಬಿಡುತ್ತೇವೆ. "ಶಿಕ್ಷೆಯ ಬಗ್ಗೆ ಹೇಳುವುದಿದೆಯಾ?" ಎಂದರೆ, "ಬಡವ, ವಯಸ್ಸಾದ ತಾಯಿ ಇದ್ದಾರೆ, ಕನಿಷ್ಠ ಶಿಕ್ಷೆ ಕೊಡಿ" ಅಂತ ಹೇಳಿ ಕೂರುವುದೇ ಜಾಸ್ತಿ.

ಇದು ಕಾಟಾಚಾರದ ಹಂತ ಅಲ್ಲ. 1976ರ ಸಾಂತಾ ಸಿಂಗ್ ಪ್ರಕರಣದಲ್ಲಿ ಶಿಕ್ಷೆಯ ಬಗ್ಗೆ ಬೇರೆಯಾಗಿ ಕೇಳಲಿಲ್ಲ ಎಂಬ ಕಾರಣಕ್ಕೇ ಸುಪ್ರೀಂ ಕೋರ್ಟ್ ಗಲ್ಲು ಶಿಕ್ಷೆಯನ್ನು ತೆಗೆದು ಕೇಸನ್ನು ವಾಪಸ್ ಕಳಿಸಿತು. ಬಾಯಿಮಾತು ಮಾತ್ರವಲ್ಲ, ಈ ಹಂತದಲ್ಲಿ ದಾಖಲೆಯನ್ನೂ ಕೊಡಬಹುದು.

ಒಂದು ಮೊಬೈಲ್ ಕಳ್ಳತನದ ಕೇಸು ತೆಗೆದುಕೊಳ್ಳಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಮುದಾಯ ಸೇವೆಯೂ ಒಂದು ಶಿಕ್ಷೆ. ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇರಬೇಕು, ಆರೋಪಿಗೆ ಅದು ಮೊದಲ ಅಪರಾಧ ಆಗಿರಬೇಕು, ವಸ್ತುವನ್ನೋ ಅದರ ಬೆಲೆಯನ್ನೋ ಹಿಂತಿರುಗಿಸಬೇಕು. ಹಾಗಿದ್ದರೆ ಜೈಲಿನ ಬದಲು ಸಂಬಳವಿಲ್ಲದ ಸಾರ್ವಜನಿಕ ಕೆಲಸ. ಈಗ ಪಂಚನಾಮೆ ನೋಡಿ. ಹಳೇ ಫೋನಿಗೆ 8,000 ಅಂತ ಬರೆದಿದ್ದರೆ ಆ ದಾರಿಯೇ ಮುಚ್ಚಿತು! ಫೋನು ಎಷ್ಟು ವರ್ಷದ್ದು, ಬಿಲ್ ಇದೆಯಾ, ಬೆಲೆ ಕಟ್ಟಿದವರು ಯಾರು ಎಂದು ಫಿರ್ಯಾದಿಯನ್ನು ಪಾಟೀಸವಾಲಿನಲ್ಲೇ ಕೇಳಬೇಕು. ತೀರ್ಪಿನ ದಿನ ಕೇಳಲು ಯಾರೂ ಇರುವುದಿಲ್ಲ.

ವಯಸ್ಸಿನದೂ ಹಾಗೇ. ಅಪರಾಧಿಯನ್ನು ಜೈಲಿಗೆ ಕಳಿಸದೆ ಸನ್ನಡತೆಯ ಷರತ್ತಿನ ಮೇಲೆ ಬಿಡಲು ಅವಕಾಶ ಕೊಡುವ 1958ರ ಪ್ರೊಬೇಷನ್ ಕಾಯ್ದೆಯ 6ನೇ ಕಲಂ ಪ್ರಕಾರ, ಜೀವಾವಧಿ ಶಿಕ್ಷೆಯಂಥದ್ದು ಇಲ್ಲದ ಅಪರಾಧದಲ್ಲಿ 21 ತುಂಬದವನನ್ನು ಜೈಲಿಗೆ ಕಳಿಸುವ ಮೊದಲು ಕೋರ್ಟು ಪ್ರೊಬೇಷನ್ ಅಧಿಕಾರಿಯ ವರದಿ ತರಿಸಬೇಕು, ಜೈಲೇ ಏಕೆ ಎಂದು ಕಾರಣ ಬರೆಯಬೇಕು. ಆದರೆ ಲೆಕ್ಕಕ್ಕೆ ಬರುವುದು ಕದ್ದ ದಿನದ ವಯಸ್ಸಲ್ಲ, ಕೋರ್ಟು ಶಿಕ್ಷೆ ನಿರ್ಧರಿಸುವ ದಿನದ್ದು. ರಾಮ್‌ಜಿ ಮಿಸ್ಸರ್ ಪ್ರಕರಣದಲ್ಲಿ ಇದು 1962ರಲ್ಲೇ ತೀರ್ಮಾನವಾಗಿದೆ. ಹತ್ತೊಂಬತ್ತರ ಹುಡುಗನ ಕೇಸಿನಲ್ಲಿ ಸುಮ್ನೆ ವಾಯಿದೆ ಕೇಳುತ್ತಾ ಹೋದರೆ ಈ ರಕ್ಷಣೆ ಕೈತಪ್ಪುತ್ತದೆ. ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುವ 4ನೇ ಕಲಂ ಉಳಿದಿರುತ್ತದೆ, ಆದರೆ ಅದು ಕೋರ್ಟಿನ ವಿವೇಚನೆಗೆ ಬಿಟ್ಟದ್ದು.

ಎಪಿಪಿ (ಸಹಾಯಕ ಸರ್ಕಾರಿ ಅಭಿಯೋಜಕರು) ಸಾಮಾನ್ಯವಾಗಿ ಹೇಳುವುದು, "ಸಮಾಜಕ್ಕೆ ಪಾಠ ಆಗಬೇಕು." ಬೇರೆಯವರಿಗೆ ಹೆದರಿಕೆ ಹುಟ್ಟಿಸುವುದು ಶಿಕ್ಷೆಯ ಒಂದು ಉದ್ದೇಶ, ನಿಜ. ತಪ್ಪಿಗೆ ತಕ್ಕ ಬೆಲೆ ತೆರಿಸುವುದು, ಅಪಾಯಕಾರಿಯನ್ನು ದೂರ ಇಡುವುದು, ಅವನನ್ನು ತಿದ್ದುವುದು, ನಷ್ಟ ತುಂಬಿಕೊಡುವುದು ಕೂಡ ಉದ್ದೇಶಗಳೇ. "ಬಡವ" ಎಂಬ ಮಾತು ಇವುಗಳಲ್ಲಿ ಯಾವುದಕ್ಕೂ ಉತ್ತರವಲ್ಲ. ಜಾಮೀನಿನಲ್ಲಿದ್ದಾಗ ಪ್ರತಿ ವಾಯಿದೆಗೂ ಬಂದಿದ್ದಾನೆ, ಬೇರೆ ಕೇಸಿಲ್ಲ ಅನ್ನುವುದು ಉತ್ತರ. ಗ್ಯಾರೇಜ್ ಮಾಲೀಕರು ಕೆಲಸಕ್ಕೆ ಇಟ್ಟುಕೊಳ್ಳುತ್ತೇನೆ ಎಂದು ಬರೆದುಕೊಟ್ಟ ಪತ್ರ ಉತ್ತರ. ಫೋನು ಕಳೆದುಕೊಂಡವರಿಗೆ ಪ್ರೊಬೇಷನ್ ಕಾಯ್ದೆಯ 5ನೇ ಕಲಂ ಅಡಿ ಪರಿಹಾರ ಕೊಡಲು ಸಿದ್ಧ ಅನ್ನುವುದು ಇನ್ನೂ ದೊಡ್ಡ ಉತ್ತರ. ನಾನು ಕಂಡ ಎಷ್ಟೋ ಫಿರ್ಯಾದಿಗಳಿಗೆ ಬೇಕಿದ್ದದ್ದು ಅದೇ.

ನಮ್ಮಲ್ಲಿ ಶಿಕ್ಷೆಗೆ ಒಂದೇ ಅಳತೆಯ ಮಾರ್ಗಸೂಚಿ ಇಲ್ಲ. ಕರ್ನಾಟಕದವರೇ ಆದ ನ್ಯಾಯಮೂರ್ತಿ ವಿ.ಎಸ್. ಮಳಿಮಠ ಅವರ ಸಮಿತಿ 2003ರಲ್ಲೇ ಅದು ಬೇಕೆಂದಿತ್ತು. ಅದಿಲ್ಲದಿರುವುದರಿಂದಲೇ ನಾವು ಕೊಡುವ ಕಾಗದಕ್ಕೆ ತೂಕ ಜಾಸ್ತಿ.

ಪ್ರೊಬೇಷನ್ ಸಿಕ್ಕ ಮೇಲೂ ಒಂದು ಕೆಲಸ ಇದೆ. ಅದೇ ಕಾಯ್ದೆಯ 12ನೇ ಕಲಂ ಪ್ರಕಾರ ಶಿಕ್ಷೆಯಿಂದ ಬರುವ ಅನರ್ಹತೆ ಅಂಟುವುದಿಲ್ಲ. ಆದರೆ ಅಪರಾಧಿ ಎಂಬ ತೀರ್ಪು ಅಳಿಯುವುದಿಲ್ಲ. ಹುಡುಗನಿಗೂ ಅವನ ತಾಯಿಗೂ ಇದನ್ನು ಬಿಡಿಸಿ ಹೇಳಿ, ನೌಕರಿ ಅರ್ಜಿಯಲ್ಲಿ ಕೇಸಿನ ಬಗ್ಗೆ ಕೇಳಿದರೆ ಮುಚ್ಚಿಡಬೇಡ ಎಂದೇ ಕಳಿಸಬೇಕು.