ನಾಲ್ಕಡಿ ಗೂಡಿಗೆ ಯಾವ ಹೆಬ್ಬಾವು?

ಬೆಂಗಳೂರಿನ ಶ್ರೀನಗರದ ನಮ್ಮ ಮನೆ ಅಂದ್ರೆ ಒಂದು ಹಾಲ್, ಒಂದು ರೂಮು, ಅಡುಗೆಮನೆ. ರೂಮಿನ ಗೋಡೆಯಲ್ಲಿ ಬೀರುವಿಗೆ ಅಂತ ಬಿಟ್ಟ ಗೂಡಿದೆ. ಅಗಲ ನಾಲ್ಕಡಿ, ಆಳ ಒಂದೂವರೆ ಅಡಿ. ಮೂರು ವರ್ಷದಿಂದ ಅದರ ಕೆಳಗಿನ ಹಲಗೆಯ ಮೇಲೆ ಗೌರಿ ಇದ್ದಾಳೆ. ಆಫ್ರಿಕಾ ಮೂಲದ ಬಾಲ್ ಪೈಥಾನ್ ಜಾತಿಯ ಹೆಬ್ಬಾವು. ಹೆದರಿದರೆ ತಲೆ ಒಳಗೆ ಸೇರಿಸಿ ಚೆಂಡಿನ ಹಾಗೆ ಸುತ್ತಿಕೊಳ್ಳುತ್ತಾಳೆ, ಆ ಹೆಸರು ಬಂದದ್ದೇ ಅದಕ್ಕೆ. ಹೋದ ವಾರ ಪೊರೆ ಬಿಟ್ಟಳು. ಆ ಪೊರೆಯನ್ನು ಕಿಟಕಿ ಬೆಳಕಿಗೆ ಹಿಡಿದೆ. ಮೇಲ್ದುಟಿಯ ಉದ್ದಕ್ಕೂ ಸಾಲಾಗಿ ಸಣ್ಣ ಗುಳಿಗಳು. ಕತ್ತಲಲ್ಲಿ ಇಲಿಯ ಮೈಬಿಸಿ ಅವಳಿಗೆ ಗೊತ್ತಾಗುವುದು ಅವುಗಳಿಂದಲೇ.

ಈಗ ಒಂದು ಜೋಡಿ ಸಾಕಿ ಮರಿ ಮಾಡಿಸಬೇಕು ಅಂತ ಬಹಳ ಆಸೆ. ಗೌರಿಗೇ ಒಂದು ಗಂಡು ತರೋಣ ಅಂದುಕೊಂಡಿದ್ದೆ. ಅವರೆಕಾಳು ಬಿಡಿಸುತ್ತಾ ಕೂತಿದ್ದ ಅತ್ತೆ ಕೇಳಿದರು, "ಮರಿ ಎಷ್ಟು ಹಾಕತ್ತಮ್ಮಾ? ಅಷ್ಟಕ್ಕೂ ಡಬ್ಬ ಎಲ್ಲಿಡ್ತೀಯಾ?"

ನಾನು ದೊಡ್ಡ ಹಾವಿನ ಉದ್ದವನ್ನಷ್ಟೇ ಅಳೆಯುತ್ತಾ ಕೂತಿದ್ದೆ. ಬಾಲ್ ಪೈಥಾನ್ ಸಾಮಾನ್ಯವಾಗಿ ಐದಾರು ಮೊಟ್ಟೆ ಇಡುತ್ತದೆ. ಮೊಟ್ಟೆ ಒಡೆಯಲು ಸುಮಾರು ಎರಡು ತಿಂಗಳು. ಮರಿ ಹುಟ್ಟುವಾಗಲೇ ಒಂದಡಿಗಿಂತ ಉದ್ದ, ಒಂದೊಂದಕ್ಕೂ ಬೇರೆ ಡಬ್ಬ ಬೇಕು. ವರ್ಷ ತುಂಬುವಷ್ಟರಲ್ಲಿ ನಮ್ಮ ಗೂಡು ತುಂಬಿಹೋಗುತ್ತದೆ.

ಹಾಗಾಗಿ ಆಸ್ಟ್ರೇಲಿಯಾದ ಸಣ್ಣ ಜಾತಿಗಳ ಕಡೆ ತಿರುಗಿದೆ. ಅದರಲ್ಲಿ ಒಂದಕ್ಕೆ 'ಚಿಲ್ಡ್ರನ್ಸ್ ಪೈಥಾನ್' ಅಂತ ಹೆಸರು. ಮಕ್ಕಳಿಗೂ ಅದಕ್ಕೂ ಸಂಬಂಧ ಇಲ್ಲ. ಜಾನ್ ಜಾರ್ಜ್ ಚಿಲ್ಡ್ರನ್ ಅನ್ನುವವರ ಹೆಸರನ್ನು 1842ರಲ್ಲಿ ಇಟ್ಟದ್ದು. ನನ್ನ ಮನಸ್ಸು ಹಿಡಿದದ್ದು ಮಾತ್ರ ಆ್ಯಂಟ್‌ಹಿಲ್ ಪೈಥಾನ್. ಪಶ್ಚಿಮ ಆಸ್ಟ್ರೇಲಿಯಾದ ಗೆದ್ದಲ ಹುತ್ತಗಳಲ್ಲಿ ಇರುತ್ತದೆ. ಹುತ್ತದೊಳಗಿನ ಹೆಬ್ಬಾವು! ಹೆಬ್ಬಾವುಗಳಲ್ಲೇ ಚಿಕ್ಕದು, ಬೆಳೆದರೂ ಎರಡಡಿ. ಮೊಟ್ಟೆಯೂ ಕಡಿಮೆ. ಇದೇ ಸರಿ ಅನ್ನಿಸಿತು.

ಆದರೆ ಮರಿ ತೀರಾ ಪುಟ್ಟದು. ಕಣ್ಣು ಬಿಡದ ಇಲಿಮರಿ ಕೂಡ ಎಷ್ಟೋ ಸಲ ಅದರ ಬಾಯಿಗೆ ದಪ್ಪ. ಕಾಡಲ್ಲಿ ಅವು ಹಲ್ಲಿ ತಿಂದು ಬೆಳೆಯುವುದು. "ಗೋಡೆ ತುಂಬ ಹಲ್ಲಿ ಇವೆಯಲ್ಲ" ಅಂದ ಗೆಳೆಯರಿದ್ದಾರೆ. ಗೋಡೆ ಹಲ್ಲಿಯ ಹೊಟ್ಟೆಯ ಹುಳ ಮರಿಗೆ ಹತ್ತಬಹುದು, ನಾನು ಹಾಕುವುದಿಲ್ಲ. ಉಪವಾಸ ಬೀಳುವ ಮರಿಗಳನ್ನು ಸುಮ್ನೆ ನೋಡುತ್ತಾ ಕೂರುವ ಶಕ್ತಿ ನನಗಿಲ್ಲ.

ಕೊನೆಗೆ ಸ್ಪಾಟೆಡ್ ಪೈಥಾನ್ ಅಂತ ತೀರ್ಮಾನ ಮಾಡಿದೆ. ಇದೂ ಅದೇ ಬಳಗದ್ದು, ಮೂರಡಿ ಮೀರಿ ಬೆಳೆದರೂ ಮೈ ತೆಳ್ಳಗೆ. ಹತ್ತು ಮರಿ ಆದರೂ ಆಗಬಹುದು, ಬಾಲ್ ಪೈಥಾನ್ ಮರಿಗಿಂತ ಸಣ್ಣವು. ಮೊದಲ ಪೊರೆ ಬಿಟ್ಟ ಮೇಲೆ ಇಲಿಮರಿ ಹಿಡಿಯುವುದು ಆ್ಯಂಟ್‌ಹಿಲ್ ಮರಿಗಿಂತ ಇವುಗಳಲ್ಲೇ ಜಾಸ್ತಿ. ಚಳಿಗಾಲದಲ್ಲಿ ರಾತ್ರಿ ಸ್ವಲ್ಪ ತಣ್ಣಗಾದರೆ ಜೋಡಿಯಾಗುತ್ತವೆ. ನಮ್ಮೂರ ಡಿಸೆಂಬರ್ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ, ಅಲ್ವಾ?

ಕಾಗದಪತ್ರ ಇಲ್ಲದೆ ಮಾತ್ರ ತರುವುದಿಲ್ಲ. 2024ರ ಏಪ್ರಿಲ್‌ನಲ್ಲಿ ನಮ್ಮ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಬ್ಯಾಗಿನೊಳಗೆ 10 ಹಳದಿ ಅನಕೊಂಡ ಸಿಕ್ಕವು. ಆ ಸುದ್ದಿ ಓದಿದ ದಿನ ಊಟ ಸೇರಲಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರ ತಿದ್ದುಪಡಿ ಆದ ಮೇಲೆ ಇಂಥ ವಿದೇಶಿ ಹಾವುಗಳನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು, ಮರಿ ಹುಟ್ಟಿದರೂ ತಿಳಿಸಬೇಕು. ನಮ್ಮ ದೇಶದ ಹೆಬ್ಬಾವನ್ನಂತೂ ಮನೆಯಲ್ಲಿ ಇಡುವಂತೆಯೇ ಇಲ್ಲ. ಅದು ಬನ್ನೇರುಘಟ್ಟದ ಕಾಡಲ್ಲಿ ಹಾಯಾಗಿರಲಿ.

ಜೋಡಿಯ ಕಾಗದ ಬರುವ ತನಕ ಮೊಟ್ಟೆಗೆ ಕಾವು ಕೊಡಲು ಮಾಡಿದ ಥರ್ಮೋಕೋಲ್ ಡಬ್ಬವನ್ನು ಖಾಲಿಯಾಗಿಯೇ ಓಡಿಸುತ್ತಿದ್ದೇನೆ. ಒಳಗೆ 31 ಡಿಗ್ರಿ ನಿಲ್ಲಬೇಕು. ನಿನ್ನೆ ರಾತ್ರಿ ಎರಡು ಗಂಟೆ ಕರೆಂಟ್ ಹೋಗಿತ್ತು. ಯುಪಿಎಸ್ ಮೇಲೆ ಓಡಿ, ಬೆಳಗ್ಗೆ ಆರಕ್ಕೆ ನೋಡಿದಾಗ 30.5 ಇತ್ತು.