ಮ್ಯೂಯಾನ್ ಪ್ರೋಗ್ರಾಂ: ಸುತ್ತಿನ ಜೊತೆಗೆ ಈಗ ಸ್ಪಿನ್ ಕೂಡ

ಶಿರಸಿ ಮತ್ತು ಕಾರವಾರದ ಎರಡು ಕಂಪ್ಯೂಟರ್‌ಗಳಲ್ಲಿ ಓಡುತ್ತಿರುವ ಕಣ-ಚಲನೆಯ ಪ್ರೋಗ್ರಾಂಗೆ ಈ ಮಳೆಗಾಲದಲ್ಲಿ ಸ್ಪಿನ್, ಅಂದರೆ ಕಣವನ್ನು ಪುಟ್ಟ ಅಯಸ್ಕಾಂತದಂತಾಗಿಸುವ ಅದರ ಸ್ವಂತ ತಿರುಗುಗುಣ, ಸೇರಿತು. ಪರೀಕ್ಷೆಗೆ ಇಟ್ಟುಕೊಂಡದ್ದು ಅಮೆರಿಕದ ಫರ್ಮಿಲ್ಯಾಬ್ ಪ್ರಯೋಗಾಲಯದಲ್ಲಿ ಮ್ಯೂಯಾನ್‌ಗಳನ್ನು (ಎಲೆಕ್ಟ್ರಾನಿನಂಥದೇ, ಆದರೆ ಹೆಚ್ಚು ಭಾರದ, ಬೇಗ ನಶಿಸುವ ಕಣಗಳು) ಸುತ್ತಿಸಿದ ಉಂಗುರದ ಅಂಕಿಗಳನ್ನು: ಕಾಂತಕ್ಷೇತ್ರ 1.45 ಟೆಸ್ಲಾ, ತ್ರಿಜ್ಯ 7.112 ಮೀಟರ್, ಗಾಮಾ (ವೇಗದಿಂದ ಕಣದ ಕಾಲ ಎಷ್ಟು ಪಟ್ಟು ಹಿಗ್ಗುತ್ತದೆಂಬ ಅಂಕಿ) 29.3, ಒಂದು ಸುತ್ತಿಗೆ 149.2 ನ್ಯಾನೋಸೆಕೆಂಡ್. ಸ್ಪಿನ್ನಿನ ದಿಕ್ಕು ಸಂವೇಗದ (ಕಣ ಸಾಗುವ) ದಿಕ್ಕಿಗಿಂತ ತುಸು ಜೋರಾಗಿ ತಿರುಗುತ್ತ, ಸುಮಾರು 4.37 ಮೈಕ್ರೋಸೆಕೆಂಡಿಗೊಮ್ಮೆ, ಅಂದರೆ 29 ಚಿಲ್ಲರೆ ಸುತ್ತಿಗೆ, ಅದಕ್ಕಿಂತ ಒಂದು ಪೂರ್ತಿ ಸುತ್ತು ಮುಂದಾಗಬೇಕು. ಉತ್ತರ ಮೊದಲೇ ಗೊತ್ತಿರುವುದರಿಂದ ತಪ್ಪು ಅಡಗಿ ಕೂರಲು ಜಾಗವಿಲ್ಲ.

ಕಾಲವನ್ನು ಪುಟ್ಟ ಹೆಜ್ಜೆಗಳಾಗಿ ಒಡೆದು ಕಣವನ್ನು ನಡೆಸುವುದು ಬೋರಿಸ್ ವಿಧಾನ. ಪ್ರತಿ ಹೆಜ್ಜೆಯಲ್ಲಿ: ವಿದ್ಯುತ್ ಕ್ಷೇತ್ರದ ಅರ್ಧ ತಳ್ಳು, ಕಾಂತಕ್ಷೇತ್ರದಲ್ಲಿ ಒಂದು ತಿರುವು, ಮತ್ತೆ ಅರ್ಧ ತಳ್ಳು. ಗಾಮಾವನ್ನು ಮೊದಲ ಅರ್ಧ ತಳ್ಳಿನ ನಂತರವೇ ಲೆಕ್ಕ ಹಾಕಬೇಕು. ಸ್ಪಿನ್‌ಗೆ 1959ರ ಬಾರ್ಗ್‌ಮನ್–ಮಿಶೆಲ್–ಟೆಲೆಗ್ಡಿ ಸಮೀಕರಣ. ಸ್ಪಿನ್ ವೆಕ್ಟರ್ ಕಣದ ಸ್ವಂತ ಚೌಕಟ್ಟಿನದು, ಕ್ಷೇತ್ರಗಳು ಪ್ರಯೋಗಾಲಯದವು. ಇವೆರಡನ್ನು ಕಲಸಿದರೆ ಉತ್ತರ ನೋಡಲು ಚೆನ್ನಾಗಿಯೇ ಇದ್ದು ತಪ್ಪಾಗಿರುತ್ತದೆ. ಸಮೀಕರಣಕ್ಕೆ ಹಾಕುವ ಅಸಂಗತ ಗುಣಾಂಕ 0.00116592. ಕಣದ ಅಯಸ್ಕಾಂತ ಗುಣವನ್ನು ಸ್ಪಿನ್‌ಗೆ ಜೋಡಿಸುವ ಸಂಖ್ಯೆ ಜಿ; ಅದರಿಂದ ಎರಡು ಕಳೆದು ಬಂದದ್ದರ ಅರ್ಧ ಇದು. ಅರ್ಧ ಮಾಡುವುದು ಬಿಟ್ಟುಹೋದರೆ 4.37ರ ಬದಲು 2.18 ಮೈಕ್ರೋಸೆಕೆಂಡ್ ಬರುತ್ತದೆ, ಕೂಡಲೇ ಗೊತ್ತಾಗುತ್ತದೆ.

ಪ್ರತಿ ಹೆಜ್ಜೆಯಲ್ಲೂ ಬದಲಾವಣೆಯನ್ನು ಸ್ಪಿನ್‌ಗೆ ಕೂಡಿಸುತ್ತ ಹೋದರೆ ಅದರ ಉದ್ದ ಬೆಳೆಯುತ್ತದೆ. ಆಮೇಲೆ ಉದ್ದವನ್ನು ಒಂದಕ್ಕೆ ಇಳಿಸಿದರೂ ಕೋನದ ದೋಷ ಹಾಗೇ ಉಳಿಯುತ್ತದೆ. ಹಾಗಾಗಿ ಸ್ಪಿನ್ನನ್ನು ನೇರವಾಗಿ ತಿರುಗಿಸುವುದೇ ಸರಿ: ಅಕ್ಷ, ಕೋನ, ಸೈನ್, ಕೊಸೈನ್.

ನಿಜವಾದ ತೊಡಕು ಬಂದದ್ದು ಬೇರೆ ಕಡೆಯಿಂದ. ಸಾಮಾನ್ಯ ಬೋರಿಸ್ ತಿರುವಿನಲ್ಲಿ ಅರ್ಧ ಕೋನದ ಟ್ಯಾಂಜೆಂಟ್ ಬದಲು ಅರ್ಧ ಕೋನವನ್ನೇ ಹಾಕುವುದು ರೂಢಿ. ಇದರಿಂದ ಕಣ ಪ್ರತಿ ಹೆಜ್ಜೆಗೂ ಕೋನದ ಘನದ ಹನ್ನೆರಡನೇ ಒಂದು ಪಾಲಿನಷ್ಟು ಹಿಂದೆ ಬೀಳುತ್ತದೆ. ಹೆಜ್ಜೆ 0.1 ನ್ಯಾನೋಸೆಕೆಂಡ್ ಇದ್ದರೆ ಸುತ್ತಿನಲ್ಲಿ ದೋಷ ಹತ್ತು ಲಕ್ಷಕ್ಕೆ 1.5 ಪಾಲು ಮಾತ್ರ. ಆದರೆ ನಮಗೆ ಬೇಕಾದದ್ದು ಸ್ಪಿನ್ ಮತ್ತು ಸಂವೇಗದ ವ್ಯತ್ಯಾಸ. ಅದು ಸುತ್ತಿನ ವೇಗದ ಶೇ. 3.4ರಷ್ಟೇ ಇರುವುದರಿಂದ ಅದೇ ದೋಷ ಅಲ್ಲಿ ಹತ್ತು ಲಕ್ಷಕ್ಕೆ 43 ಪಾಲಾಗುತ್ತದೆ. ಹೆಜ್ಜೆ 1 ನ್ಯಾನೋಸೆಕೆಂಡ್ ಮಾಡಿದರೆ ಶೇ. 0.43. 2025ರಲ್ಲಿ ಫರ್ಮಿಲ್ಯಾಬ್ ಪ್ರಕಟಿಸಿದ ಅಂತಿಮ ಅಳತೆಯ ನಿಖರತೆ ನೂರು ಕೋಟಿಗೆ 127 ಪಾಲು ಎಂದು ನೆನೆದರೆ 43 ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಪರಿಹಾರ ಒಂದೇ ಸಾಲು: ಟ್ಯಾಂಜೆಂಟನ್ನೇ ಹಾಕುವುದು. ಏಕರೂಪ ಕ್ಷೇತ್ರದಲ್ಲಿ ಆಗ ತಿರುವು ಕರಾರುವಾಕ್ಕು.

ಸ್ಪಿನ್–ಸಂವೇಗದ ಕೋನವನ್ನು ಕೊಸೈನ್‌ನಿಂದ ತೆಗೆಯಬಾರದು. ಸಣ್ಣ ಕೋನಗಳಲ್ಲಿ ಅರ್ಧದಷ್ಟು ಅಂಕಿಗಳು ಕಳೆದುಹೋಗುತ್ತವೆ. ಅಡ್ಡ ಗುಣಲಬ್ಧ, ಬಿಂದು ಗುಣಲಬ್ಧ ಎರಡನ್ನೂ ಬಳಸಿ ಆರ್ಕ್‌ಟ್ಯಾನ್‌ನಿಂದ ತೆಗೆಯಬೇಕು. ಸಮಯವನ್ನೂ ಕೂಡಿಸುತ್ತ ಹೋಗದೆ, ಹೆಜ್ಜೆಯ ಎಣಿಕೆಯನ್ನು ಹೆಜ್ಜೆಯ ಅಳತೆಯಿಂದ ಗುಣಿಸಬೇಕು.

ವಿದ್ಯುತ್ ಕ್ಷೇತ್ರದ ಪರೀಕ್ಷೆಯೂ ಮುಗಿದಿದೆ. ತ್ರಿಜ್ಯದ ದಿಕ್ಕಿನಲ್ಲಿ ಮೀಟರಿಗೆ 1 ಲಕ್ಷ ವೋಲ್ಟ್ ಕೊಟ್ಟರೂ ಗಾಮಾ 29.304ರಲ್ಲಿ ವ್ಯತ್ಯಾಸದ ವೇಗ ಕದಲಲಿಲ್ಲ. ಸಂವೇಗವನ್ನು ಶೇ. 0.5 ಸರಿಸಿದಾಗ ಹತ್ತು ಲಕ್ಷಕ್ಕೆ 2.3 ಪಾಲು ಬದಲಾಯಿತು. ಕೈಲೆಕ್ಕವೂ ಅಷ್ಟೇ ಹೇಳುತ್ತದೆ. ತುಂಬ ತೃಪ್ತಿ ಕೊಟ್ಟ ಫಲಿತಾಂಶ ಇದು.

ವೇಗದಿಂದ ಹಿಗ್ಗಿದ ಮ್ಯೂಯಾನ್ ಜೀವಿತಾವಧಿ 64 ಮೈಕ್ರೋಸೆಕೆಂಡ್. ಅಂಥ ಹತ್ತರಷ್ಟು ಓಡಿಸಲು 0.1 ನ್ಯಾನೋಸೆಕೆಂಡಿನ 64 ಲಕ್ಷ ಹೆಜ್ಜೆ. ಒಂದು ಕಣಕ್ಕೆ ಇದು ಏನೂ ಅಲ್ಲ, ಸಾವಿರಾರು ಕಣಗಳಿಗೆ ರಾತ್ರಿಯಿಡೀ ಬೇಕು, ಶಿರಸಿಯ ಮಳೆಯಲ್ಲಿ ಕರೆಂಟ್ ಅಷ್ಟು ಹೊತ್ತು ಇರುವುದಿಲ್ಲ. ಅದಕ್ಕೆ ಆಗಾಗ ಸ್ಥಿತಿಯನ್ನು ಬೇರೆ ಹೆಸರಿನ ಫೈಲಿಗೆ ಬರೆದು, ಪೂರ್ತಿಯಾದ ಮೇಲೆ ಹೆಸರು ಬದಲಿಸುತ್ತೇವೆ. ಅರ್ಧ ಬರೆದ ಫೈಲ್ ಹಳೆಯದನ್ನು ಹಾಳುಮಾಡುವುದಿಲ್ಲ. ಫೈಲ್ ಬೈನರಿಯಲ್ಲಿರಲಿ, ಆರು ದಶಮಾಂಶದ ಪಠ್ಯವಾಗಿ ಉಳಿಸಿದರೆ ಮರುಆರಂಭದಲ್ಲೇ ನಿಖರತೆ ಹೋಯಿತು. ಕಾರವಾರದ ಯಂತ್ರ ಕೊನೆಯ ಅಂಕಿಗಳಲ್ಲಿ ಶಿರಸಿಯದಕ್ಕಿಂತ ಬೇರೆ ಉತ್ತರ ಕೊಡುತ್ತಿತ್ತು. ಕಾರಣ, ಗುಣಾಕಾರ-ಸಂಕಲನಗಳನ್ನು ಕಂಪೈಲರ್ ಒಂದೇ ಸೂಚನೆಯಾಗಿ ಬೆಸೆದಿತ್ತು. ಆ ಆಯ್ಕೆಯನ್ನು ಆಫ್ ಮಾಡಿದ ಮೇಲೆ ಎರಡೂ ಒಂದಾದವು.

ಮುಂದೆ ಉಂಗುರ ಬಿಟ್ಟು ಆಕಾಶದ ಮ್ಯೂಯಾನ್. ನಮ್ಮ ಕರಾವಳಿಯಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ, ಬಹುಮಟ್ಟಿಗೆ ನೆಲಕ್ಕೆ ಸಮಾನಾಂತರವಾಗಿ ಉತ್ತರಕ್ಕೆ. ಗಾಳಿಯಲ್ಲಿ ಕಳೆಯುವ ಶಕ್ತಿಯನ್ನು ಸದ್ಯ ಬಿಟ್ಟರೆ, 4 ಗಿಗಾ ಎಲೆಕ್ಟ್ರಾನ್‌ವೋಲ್ಟ್‌ನ ಧನ ಮ್ಯೂಯಾನ್ 15 ಕಿ.ಮೀ. ನೇರ ಇಳಿಯುವಷ್ಟರಲ್ಲಿ ಪೂರ್ವಕ್ಕೆ ಸುಮಾರು 340 ಮೀಟರ್ ಸರಿಯಬೇಕು, ಋಣದ್ದು ಪಶ್ಚಿಮಕ್ಕೆ. ಶಕ್ತಿನಷ್ಟವನ್ನು ಪ್ರತಿ ಹೆಜ್ಜೆಯ ಕೊನೆಗೆ ಸೇರಿಸುವ ಭಾಗ ಈಗ ಬರೆಯುತ್ತಿದ್ದೇವೆ.