ಹೊಸ ಸಂಹಿತೆಯ ಮೊದಲ ಶನಿವಾರ

ಕೇಂದ್ರ ಸರ್ಕಾರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು, ಒಂದು ಶುಕ್ರವಾರ. ಹಳೆಯ 29 ಕಾಯ್ದೆಗಳನ್ನು ಒಳಗೊಂಡ ಈ ಸಂಹಿತೆಗಳಲ್ಲಿ ವೇತನಕ್ಕೆ ಸಂಬಂಧಿಸಿದ್ದು 2019ರಲ್ಲಿಯೂ ಉಳಿದ ಮೂರು 2020ರಲ್ಲಿಯೂ ಸಂಸತ್ತಿನಲ್ಲಿ ಅಂಗೀಕಾರವಾಗಿದ್ದವು. ಅಲ್ಲಿಂದ ಮುಂದೆ ‘ಬರುವ ಏಪ್ರಿಲ್‌ನಿಂದ ಜಾರಿ’ ಎಂಬ ಮಾತನ್ನು ಎಷ್ಟು ಸಲ ಕೇಳಿದ್ದೆವೆಂದರೆ, ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನಮ್ಮಂತೆ ಸಣ್ಣ ಘಟಕ ನಡೆಸುವವರಿಗೆ ಅದು ‘ಹುಲಿ ಬಂತು ಹುಲಿ’ ಕೂಗಿನಂತಾಗಿತ್ತು. ಹೀಗಾಗಿ ಕಾನೂನು ಓದಲು ಐದು ವರ್ಷ ಸಿಕ್ಕಿದ್ದರೂ, ಅದನ್ನು ಸಂಬಳದ ಚೀಟಿಗೆ ಇಳಿಸಲು ನಮಗೆ ಸಿಕ್ಕಿದ್ದು ಮರುದಿನದ ಶನಿವಾರ ಮಾತ್ರ.

ನಮ್ಮದು ರಟ್ಟಿನ ಪೆಟ್ಟಿಗೆ ತಯಾರಿಸುವ ಘಟಕ. ಹೆಚ್ಚಿನ ಮಾಲು ಊದುಬತ್ತಿಯವರಿಗೆ ಹೋಗುತ್ತದೆ. ಮೂವತ್ತರ ಆಸುಪಾಸಿನ ಕೆಲಸಗಾರರಲ್ಲಿ ಅರ್ಧದಷ್ಟು ಮಂದಿ ಅಂಟು ಹಾಕುವ ಮತ್ತು ಮಡಿಸುವ ವಿಭಾಗದ ಹೆಣ್ಣುಮಕ್ಕಳು. ಶನಿವಾರ ಬೆಳಿಗ್ಗೆ ನಾನು ಗೇಟು ದಾಟುವ ಹೊತ್ತಿಗಾಗಲೇ ವಾಟ್ಸ್ಆ್ಯಪ್ ತನ್ನ ಕೆಲಸ ಮಾಡಿ ಮುಗಿಸಿತ್ತು. ನಮ್ಮ ತಂದೆಯವರ ಕಾಲದಲ್ಲಿ ಸೇರಿದ, ಮಂಡ್ಯ ಕಡೆಯ ಹಿರಿಯ ಮೇಲ್ವಿಚಾರಕರು ಎದುರಿಗೇ ನಿಂತು, “ಸಾರ್, ಕೈಗೆ ಬರೋ ಸಂಬ್ಳ ಕಮ್ಮಿ ಆಯ್ತದಂತೆ, ದಿಟವಾ?” ಎಂದು ಕೇಳಿದರು. ಲೆಕ್ಕ ಹಾಕದೆ ಉತ್ತರ ಹೇಳುವುದು ಸರಿಯಲ್ಲವೆಂದು, ಸಂಜೆಯೊಳಗೆ ತಿಳಿಸುತ್ತೇನೆ ಎಂದೆ.

ಲೆಕ್ಕ ನೋಡಿಕೊಳ್ಳುವ ನಮ್ಮ ಸಿಬ್ಬಂದಿಯೊಡನೆ ಕುಳಿತು ಮೊದಲು ತೆಗೆದದ್ದು ಆ ಮೇಲ್ವಿಚಾರಕರದೇ ಚೀಟಿಯನ್ನು. ಒಟ್ಟು 36,000 ರೂಪಾಯಿ; ಅದರಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 15,000, ಮನೆ ಬಾಡಿಗೆ ಭತ್ಯೆ 9,000, ಪ್ರಯಾಣ ಭತ್ಯೆ 4,000, ವಿಶೇಷ ಭತ್ಯೆ 8,000. ಹೀಗೆ ಹೋಳು ಮಾಡುವುದು ಕಾನೂನುಬಾಹಿರವಾಗಿರಲಿಲ್ಲ; ಆದರೆ ಗ್ರಾಚ್ಯುಟಿಯ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಕೊಡುವ ಇಡಿಗಂಟಿನ, ಹೊರೆ ಇಳಿಸುವುದಕ್ಕಾಗಿಯೇ ಹುಟ್ಟಿದ ಪದ್ಧತಿ ಇದೆಂಬುದು ಮಾಲೀಕರಿಗೆಲ್ಲ ಗೊತ್ತಿರುವ ಸಂಗತಿ. ಹೊಸ ವ್ಯಾಖ್ಯೆಯಲ್ಲಿ ಮನೆ ಬಾಡಿಗೆ, ಪ್ರಯಾಣ, ಓವರ್‌ಟೈಮ್ ಮುಂತಾದ ಕೆಲವನ್ನು ಮಾತ್ರ ‘ವೇತನ’ದಿಂದ ಹೊರಗಿಡಲಾಗಿದೆ, ಹೊರಗಿಟ್ಟವುಗಳ ಮೊತ್ತ ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗ ಮತ್ತೆ ವೇತನಕ್ಕೇ ಸೇರುತ್ತದೆ. ವಿಶೇಷ ಭತ್ಯೆಯ ಹೆಸರು ಆ ಪಟ್ಟಿಯಲ್ಲಿ ಇಲ್ಲದ ಕಾರಣ, ನಮ್ಮ ಮೇಲ್ವಿಚಾರಕರ ವೇತನ 15,000ದಿಂದ 23,000ಕ್ಕೆ ಏರಿತು.

ಭವಿಷ್ಯ ನಿಧಿಯ ಮಟ್ಟಿಗೆ ಇದರಿಂದ ಏನೂ ಬದಲಾಗಲಿಲ್ಲ. ನಾವು ವಂತಿಗೆ ಕಟ್ಟುತ್ತಿದ್ದದ್ದು 2014ರಿಂದ ಚಾಲ್ತಿಯಲ್ಲಿರುವ 15,000 ರೂಪಾಯಿಯ ಮಿತಿಯ ಮೇಲೆ, ಶೇ. 12ರಂತೆ 1,800 ರೂಪಾಯಿ. ವೇತನ ಎಷ್ಟೇ ಹೆಚ್ಚಿದರೂ ಆ ಮಿತಿಯೊಳಗೆ ಕಟ್ಟುವವರಿಗೆ ಕಡಿತ ಅಷ್ಟೇ, ಆದ್ದರಿಂದ ಕೈಗೆ ಬರುವುದು ಕಮ್ಮಿಯಾಗುವುದಿಲ್ಲ. ಕೇಂದ್ರ ಕಾರ್ಮಿಕ ಸಚಿವಾಲಯವೂ ಡಿಸೆಂಬರ್‌ನಲ್ಲಿ ಇದನ್ನೇ ಸ್ಪಷ್ಟಪಡಿಸಿತು. ವ್ಯತ್ಯಾಸ ಬಿದ್ದದ್ದು ಗ್ರಾಚ್ಯುಟಿಯಲ್ಲಿ. ಕೊನೆಯ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸುವ ಸೂತ್ರ ಹಳೆಯದೇ. ಅವರ 18 ವರ್ಷಕ್ಕೆ ಹಳೆಯ ಚೀಟಿಯ ಪ್ರಕಾರ ಸುಮಾರು 1,55,800 ರೂಪಾಯಿ ಆಗುತ್ತಿದ್ದದ್ದು ಈಗ 2,38,800ಕ್ಕೆ ಹೋಯಿತು. ಸಂಜೆ ಇದನ್ನು ಹಾಳೆಯ ಮೇಲೆ ಬರೆದು ತೋರಿಸಿದಾಗ ಅವರು ಕನ್ನಡಕ ಹಾಕಿಕೊಂಡು ಎರಡನೆಯ ಅಂಕಿಯನ್ನು ಮಾತ್ರ ಓದಿ, ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಅವರ ಮಟ್ಟಿಗೆ ಹೊಸ ಕಾನೂನಿನ ಚರ್ಚೆ ಅಲ್ಲಿಗೆ ಮುಗಿಯಿತು. ನನ್ನ ಮಟ್ಟಿಗೆ ಶುರುವಾಯಿತು.

ಕೆಲಸ ಬಿಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳಲ್ಲಿ ಚುಕ್ತಾ ಮಾಡಬೇಕೆಂಬ ನಿಯಮ ನ್ಯಾಯವಾದದ್ದೇ. ಆದರೂ ಕಬ್ಬು ಕಡಿಯುವ ಕಾಲಕ್ಕೆ ಹೇಳದೆ ಊರಿಗೆ ಹೋಗಿ, ರಾಜೀನಾಮೆಯನ್ನು ಫೋನಿನಲ್ಲಿ ತಿಳಿಸುವವರ ವಿಷಯದಲ್ಲಿ ಆ ಎರಡು ದಿನ ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನು ಬರಹದಲ್ಲಿ ನಿಶ್ಚಯಿಸಿಕೊಳ್ಳಬೇಕಾಯಿತು. ಎಲ್ಲರಿಗೂ ನೇಮಕಾತಿ ಪತ್ರ ಕೊಡಬೇಕೆಂಬುದು ಸುಲಭದ ಕೆಲಸ. ಬಾಯಿಮಾತಿನ ಮೇಲೆ ಸೇರಿದ್ದ ಹಳಬರಿಗೆ ಮಾತ್ರ ಅದು ಸ್ವಲ್ಪ ಅವಮಾನದಂತೆ ಕಂಡಿತು.

ಅದೇ ನವೆಂಬರ್‌ನಲ್ಲಿ ರಾಜ್ಯ ಸರ್ಕಾರದ ಋತುಚಕ್ರ ರಜೆಯ ಆದೇಶವೂ ಬಂತು. ಅಕ್ಟೋಬರ್ 9ರಂದು ಸಚಿವ ಸಂಪುಟ ಒಪ್ಪಿದ್ದ ನೀತಿಯದು: ತಿಂಗಳಿಗೆ ಒಂದು ದಿನದಂತೆ ವರ್ಷಕ್ಕೆ 12 ದಿನ ಸಂಬಳ ಸಹಿತ ರಜೆ, ವೈದ್ಯರ ಪ್ರಮಾಣಪತ್ರ ಬೇಕಿಲ್ಲ. ಪರಿಚಯದ ಮಾಲೀಕರೊಬ್ಬರು ಇನ್ನು ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುವಾಗ ಯೋಚಿಸಬೇಕೆಂದರು. ಮಡಿಸುವ ವಿಭಾಗವನ್ನು ಅವರಿಲ್ಲದೆ ಒಂದು ದಿನ ನಡೆಸಿ ನೋಡಿದವರು ಆ ಮಾತು ಆಡಲಾರರು. ನಮ್ಮಲ್ಲಿ ನಿಜವಾದ ತೊಡಕಿದ್ದದ್ದು ಬೇರೆಡೆ. ಆ ವಿಭಾಗದ ಹಿರಿಯಾಕೆ ಕಚೇರಿಯ ಬಾಗಿಲಲ್ಲಿ ನಿಂತು, “ರಜ ಕೊಡ್ತೀರಿ ಸರಿ ಸಾರ್, ಹೇಳೋದು ಯಾರ್ಗೆ? ಆ ಅಣ್ಣಂಗಾ?” ಎಂದು ಮೇಲ್ವಿಚಾರಕರ ಕಡೆ ಕಣ್ಣು ಹಾಯಿಸಿದರು. ಆದೇಶದಲ್ಲಿ ಇದಕ್ಕೆ ಉತ್ತರ ಹುಡುಕುವುದಕ್ಕಿಂತ ಅವರನ್ನೇ ಕೇಳುವುದು ಮೇಲೆನಿಸಿತು. ರಜೆ ಬೇಕಾದವರು ಆಕೆಗೆ ಒಂದು ಮಾತು ಹೇಳುವುದು, ಆಕೆ ಲೆಕ್ಕದ ವಿಭಾಗಕ್ಕೆ ಹೆಸರು ಮಾತ್ರ ಕೊಡುವುದು, ಹಾಜರಿ ಪುಸ್ತಕದಲ್ಲಿ ಉಳಿದ ಸಂಬಳ ಸಹಿತ ರಜೆಗಳಿಗೆ ಹಾಕುವ ಗುರುತನ್ನೇ ಹಾಕುವುದು ಎಂದು ತೀರ್ಮಾನವಾಯಿತು. ಹನ್ನೆರಡು ದಿನಗಳ ಲೆಕ್ಕ ಬೇರೆ ಪುಸ್ತಕದಲ್ಲಿದೆ, ಅದು ಕಪಾಟಿನಲ್ಲಿರುತ್ತದೆ.

ಇವೆಲ್ಲಕ್ಕಿಂತ ಹೆಚ್ಚು ತಲೆ ತಿಂದದ್ದು ಕಾನೂನು ಹೊಸದು, ನಿಯಮಗಳು ಹಳೆಯವು ಎಂಬ ನಡುವಿನ ಸ್ಥಿತಿ. ಸಂಹಿತೆಗಳು ಜಾರಿಯಾದವಾದರೂ ಹೊಸ ನಿಯಮಗಳು ಬರುವವರೆಗೆ ಹಳೆಯ ನಿಯಮಗಳೇ ಮುಂದುವರಿಯುತ್ತವೆ ಎಂದು ಸರ್ಕಾರ ಹೇಳಿತ್ತು. ಆದ್ದರಿಂದ ಹಳೆಯ ನಮೂನೆಯ ರಿಜಿಸ್ಟರುಗಳನ್ನು ಮುಚ್ಚುವಂತಿರಲಿಲ್ಲ, ಅವುಗಳಲ್ಲಿ ಹೊಸ ‘ವೇತನ’ಕ್ಕೆ ಅಂಕಣವೂ ಇರಲಿಲ್ಲ. ಅಂಚಿನಲ್ಲಿ ಕೈಯಿಂದ ಗೆರೆ ಎಳೆದು ಒಂದು ಅಂಕಣ ಮಾಡಿಕೊಂಡೆವು. ಇದರ ನಡುವೆ ವೃತ್ತಿ ತೆರಿಗೆ: 25,000 ಮತ್ತು ಮೇಲ್ಪಟ್ಟ ಸಂಬಳಕ್ಕೆ ತಿಂಗಳಿಗೆ 200 ರೂಪಾಯಿ ಇದ್ದದ್ದು 2025ರ ತಿದ್ದುಪಡಿಯಿಂದಾಗಿ ಫೆಬ್ರವರಿಯಲ್ಲಿ ಮಾತ್ರ 300. ನೂರು ರೂಪಾಯಿಯ ಈ ಬದಲಾವಣೆಗೆ ನಾನು ಕೊಟ್ಟಷ್ಟು ವಿವರಣೆಯನ್ನು ನಾಲ್ಕು ಸಂಹಿತೆಗಳಿಗೂ ಕೊಡಬೇಕಾಗಲಿಲ್ಲ.

ಗ್ರಾಚ್ಯುಟಿಯ ಹೊಸ ಮೊತ್ತಗಳನ್ನು ಲೆಕ್ಕಪರಿಶೋಧಕರಿಗೆ ಕಳಿಸಿದಾಗ, ಹಣ ತೆಗೆದಿರಿಸುವುದರ ಜೊತೆಗೆ ವಿಮೆಯನ್ನೂ ಪರಿಷ್ಕರಿಸಬೇಕೆಂದು ಅವರು ನೆನಪಿಸಿದರು. 2024ರ ಜನವರಿಯಲ್ಲಿ ಬಂದ ರಾಜ್ಯದ ನಿಯಮಗಳ ಪ್ರಕಾರ ಗ್ರಾಚ್ಯುಟಿಗೆ ವಿಮೆ ಕಡ್ಡಾಯ. ಕಂತು ಹೆಚ್ಚಾಯಿತು. ಪೆಟ್ಟಿಗೆಯ ದರದಲ್ಲಿ ಕೆಲವು ಪೈಸೆ ಏರಿಸಿಕೊಡಿ ಎಂದು ಊದುಬತ್ತಿಯ ಇಬ್ಬರು ಗಿರಾಕಿಗಳಿಗೆ ಪತ್ರ ಬರೆದೆ. ಒಬ್ಬರು, ತಮ್ಮಲ್ಲಿಯೂ ಇದೇ ಲೆಕ್ಕ ನಡೆದಿದೆ ಎಂದು ಹೇಳಿ ಒಪ್ಪಿದರು. ಇನ್ನೊಬ್ಬರು ಯುಗಾದಿ ಕಳೆಯಲಿ ಎಂದಿದ್ದಾರೆ.